ಗ್ಯಾರೇಜಿನ ಬೆಚ್ಚನೆಯ ಬದಿ

ಮೈರನ್ ಗ್ಯಾರೇಜಿನ ಗೋಡೆಗೆ ಚಳಿ ತಡೆಯಲೆಂದು ಹೊಡೆದಿದ್ದ ಗಾಜಿನುಣ್ಣೆಯನ್ನೂ ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ಒಟ್ಟಿಗೇ ಕಿತ್ತು ನೆಲಕ್ಕೆಸೆದ. ಭಾನುವಾರವಿಡೀ ಕೂತು ಅದನ್ನು ಹೊಡೆದಿದ್ದ ಹೆಂಡತಿ ಲೋರ್ನಾ ಏಣಿಯ ಮೇಲಿಂದ ನೋಡಿದಳು.

“ಪ್ಲಾಸ್ಟಿಕ್ಕು ಉಣ್ಣೆಯ ಈಚೆ ಬರಬೇಕು ಕಣೇ, ಬೆಚ್ಚಗಿರೋ ಕಡೆಗೆ. ಇಲ್ದಿದ್ರೆ ಉಸಿರಿನ ತೇವವೆಲ್ಲ ಗೋಡೆಯೊಳಗೆ ಹೋಗಿ ಹೆಪ್ಪುಗಟ್ಟುತ್ತೆ.”

“ಕಾರು ಉಸಿರಾಡುತ್ತಾ?”

ಗ್ಯಾರೇಜು ಬೆಚ್ಚಗೆ ಮಾಡುವುದು ಕಾರಿಗಾಗಿ ಎಂದು ಅವಳು ಹೇಳಿಕೊಂಡು ಬಂದದ್ದು ಸುಳ್ಳೆಂದು ಅವನಿಗೆ ಗೊತ್ತಾಗಿತ್ತು. ಅವಳು ತಂಗಿ ಗ್ವೆನ್ ಜೊತೆ ಫೋನಿನಲ್ಲಿ ಆಡಿದ ಮಾತು ಅವನ ಕಿವಿಗೆ ಬಿದ್ದಿತ್ತು: ಗ್ಯಾರೇಜು ಬೆಚ್ಚಗಾದ ದಿನವೇ ಮುಗೀತು, ಆಮೇಲೆ ಅವನ ಜೊತೆ ಒಂದೇ ಮಂಚವೂ ಇಲ್ಲ, ಒಂದೇ ಮೇಜೂ ಇಲ್ಲ.

ಅಮ್ಮ ತನಗೆ ಬಿಟ್ಟುಹೋದ ಮನೆ. ಅದರ ಹಿತ್ತಲಿನ ಗ್ಯಾರೇಜಿಗೆ ತನ್ನನ್ನೇ ದಬ್ಬುವ ಹುನ್ನಾರ. ಅದೂ ಸಸ್ಕಾಟೂನಿನ ಚಳಿಗಾಲದಲ್ಲಿ, ನಾಯಿಯನ್ನೂ ಹೊರಗೆ ಬಿಡದ ಕಾಲದಲ್ಲಿ. ಜಗಳವಾಡಬಹುದಿತ್ತು. ಆದರೆ ಬಾಯಿ ತೆರೆದರೆ, ತಾನು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡಲು ಹೋಗುವ ಕರ್ಲಿಂಗ್ ಕ್ಲಬ್ಬಿನ ಆ ಹೆಂಗಸಿನ ಜೊತೆಗಿನ ಸಂಬಂಧದ ಮಾತು ಮತ್ತೆ ಏಳುತ್ತಿತ್ತು. ಅದಕ್ಕೆ ಅವನು ಕ್ಷಮೆ ಕೇಳಿಯಾಗಿತ್ತು. ಮುಗಿದ ಕಥೆ ಎಂದುಕೊಂಡಿದ್ದ. ಇವಳು ಒಳಗೊಳಗೇ ಹೀಗೆ ಮಸೆಯುತ್ತಿದ್ದಳು.

ಸರಿ, ಮಲಗುವವನು ತಾನೇ ಆದರೆ ಚಳಿಯಲ್ಲಿ ಯಾಕೆ ಸಾಯಬೇಕು? ಮೈರನ್ ತೋಳೇರಿಸಿದ. ಇನ್ನೂ ದಪ್ಪದ ಉಣ್ಣೆ ತಂದ. ಸಂದುಗಳಿಗೆಲ್ಲ ಉಬ್ಬಿ ಗಟ್ಟಿಯಾಗುವ ಡಬ್ಬಿಯ ನೊರೆ ತುಂಬಿದ. ಮೈಯೆಲ್ಲ ತುರಿಸಿದರೂ ಬಿಡದೆ ಸೂರಿಗೂ ಎರಡು ಪದರ ಹೊದಿಸಿದ. ಮದುವೆಯಾದ ಮೇಲೆ ಅವನು ಇಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿದ್ದು ಕಾಣೆ ಎಂದು ಲೋರ್ನಾ ಹಂಗಿಸಿದಳು.

ಅವಳ ಪಾಲಿನ ಕೆಲಸದಲ್ಲೆಲ್ಲ ಅವನಿಗೆ ಹಗೆಯೇ ಕಂಡಿತು. ಕಿಟಕಿಯನ್ನು ಹಿಂದಿನ ಓಣಿಯ ಕಡೆಗೆ ಇಡಿಸಿದಳು, ಮನೆ ಕಣ್ಣಿಗೇ ಬೀಳದ ಹಾಗೆ. ಗೋಡೆಯ ಕಪಾಟನ್ನು ಎಷ್ಟು ತಗ್ಗಿನಲ್ಲಿ ಹೊಡೆದಳೆಂದರೆ ಅದು ದಿನಾ ಅವನ ಹಣೆಗೆ ಬಡಿಯುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಗಂಡನ ಎತ್ತರವೂ ಮರೆತುಹೋಯಿತೆ?

ಇರಲಿ. ಒಂದು ತಿಂಗಳು ಹಲ್ಲುಕಚ್ಚಿ ಇಲ್ಲಿರುತ್ತೇನೆ. ಆಮೇಲೆ ಅವಳೇ ಬಂದು ಕರೆಯುತ್ತಾಳೆ. ಹಾಗೆಂದು ಲೆಕ್ಕ ಹಾಕಿಕೊಂಡ.

ಹೀಟರ್ ಹಚ್ಚಿದ ಮಧ್ಯಾಹ್ನ ಹಿಮ ಬೀಳುತ್ತಿತ್ತು. ಹಿತ್ತಲು ದಾಟಿ ಲೋರ್ನಾ ಸೂಟ್‌ಕೇಸ್ ಎಳೆದು ತಂದಳು. ತನ್ನ ಸಾಮಾನು ಕೊನೆಗೂ ಬಂತು ಎಂದುಕೊಂಡು ಮೈರನ್ ಹೊಸ್ತಿಲಾಚೆ ಬಂದು ಅದನ್ನು ಇಸಿದುಕೊಳ್ಳಲು ಕೈ ಚಾಚಿದ. ಅವಳು ಅವನನ್ನು ದಾಟಿ ಒಳಗೆ ಹೋದಳು. ಹಿಂದಿನ ದಿನ ತಾನೇ ತರಿಸಿ ಹಾಕಿಸಿದ್ದ ಮಂಚದ ಮೇಲೆ ಕೂತು, ಬೂಟು ಬಿಚ್ಚಿ, ತನ್ನ ಉಣ್ಣೆಯ ಕಾಲುಚೀಲ ಹಾಕಿಕೊಂಡಳು.

“ಬೇರೆ ಮನೆ ಸಿಗೋತನಕ ನಂಗಿಷ್ಟು ಸಾಕು. ಚೆನ್ನಾಗಿ ಮಾಡಿದೀಯ ಮಾರಾಯ. ನನ್ನ ಕೈಲಿ ಇಷ್ಟು ಬೆಚ್ಚಗೆ ಆಗ್ತಿರ್ಲಿಲ್ಲ.”

ಹೊಸ್ತಿಲಾಚೆ ಅವನ ಹೆಗಲ ಮೇಲೆ ಹಿಮ ಕೂರುತ್ತಿತ್ತು.

“ಲೋರ್ನಾ, ಮನೆ ನೀನೇ ಇಟ್ಕೋ. ಪೂರ್ತಿ. ನಾನಿಲ್ಲಿ ಇರ್ತೀನಿ.”

“ಬೇಡ,” ಎಂದಳು.