ಅಂಚಿನ ಹೂವು

ಚಿತ್ರದ ಹಿಂದೆ ಇನ್ನೊಂದು ಚಿತ್ರವಿತ್ತು. ಒಡೆದ ಗಾಜು ಬದಲಿಸಲು ಅಮ್ಮನ ಹಳೆಯ ಚೌಕಟ್ಟು ಬಿಚ್ಚಿದ್ದ ಮಗ ಬೆಚ್ಚಿದ.

ನೀಲಿ ಹೂವು. ಅರ್ಧಕ್ಕೇ ಬಿಟ್ಟದ್ದು. ಕೊನೆಯ ಎಸಳಿನಿಂದ ಕುಂಚ ಜಾರಿ, ಹಾಳೆಯ ತುದಿಯವರೆಗೂ ಬಣ್ಣ ಗೀಚಿಕೊಂಡು ಹೋಗಿತ್ತು.

ಅಮ್ಮ ಬದುಕಿಡೀ ಬರೆದದ್ದು ಕಾಡುಹೂವುಗಳನ್ನೇ. ಅವಕ್ಕೆ ಚೌಕಟ್ಟು ಕಟ್ಟುವುದು ಮಗನ ಕಸುಬು. ಅವಳ ಹಟ ಅವನಿಗೆ ಗೊತ್ತಿಲ್ಲವೇ? ಕಿತ್ತ ಹೂವನ್ನು ಬರೆಯಳು, ನೆನಪಿನಿಂದಲೂ ಬರೆಯಳು. ಕೆಸರೋ ಮುಳ್ಳೋ, ಹೂವಿದ್ದಲ್ಲಿಗೇ ಹೋಗಿ ಕೂರಬೇಕು. ಈ ನೀಲಿ ಹೂವು ಅರಳುವುದೋ, ಬೆಟ್ಟದ ತುದಿಯ ಬಂಡೆಯಂಚಿನಲ್ಲಿ ಮಾತ್ರ.

ಅಪ್ಪ ಬಿದ್ದು ಸತ್ತದ್ದು ಅಲ್ಲೇ.

ಆಗ ಅವನು ನಾಲ್ಕು ವರ್ಷದ ಕೂಸು. "ಅವತ್ತು ನಿನಗೆ ಕೆಂಡದಂಥ ಜ್ವರ. ನಾನು ಮನೆ ಬಿಟ್ಟು ಕದಲಲೇ ಇಲ್ಲ" ಎಂದೇ ಅಮ್ಮ ಹೇಳುತ್ತ ಬಂದಿದ್ದಳು. ಊರೆಲ್ಲ ನಂಬಿತ್ತು. ಚಿಕ್ಕಪ್ಪ ನಂಬಿರಲಿಲ್ಲ. "ನಿಮ್ಮಮ್ಮನೇ ತಳ್ಳಿದ್ದು ಕಣೋ. ನಮ್ಮಣ್ಣ ಸುಮ್ಸುಮ್ನೆ ಬೀಳ್ತಾನಾ?" ಎಂದಿದ್ದರು. ಆ ಒಂದು ಮಾತಿಗೆ ಅವನು ಅವರ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದ. ಛೇ! ಯಾರನ್ನು ನಂಬಿಕೊಂಡು ಯಾರ ಜೊತೆ ಜಗಳವಾಡಿದ್ದೆ?

ಹಾಳೆ ಹಿಡಿದು ಒಳಗೆ ನುಗ್ಗಿದ. ಬಣ್ಣ ಕಲಸುತ್ತಿದ್ದ ಅಮ್ಮನ ಮುಖ ಬಿಳಿಚಿಕೊಂಡಿತು.

"ಎಲ್ಲಿ ಸಿಕ್ತೋ ಅದು? ಕೊಡಿಲ್ಲಿ, ಹರಿದು ಹಾಕ್ತೀನಿ."

"ಅಲ್ಲೇ ಇದ್ದೆ ಅಲ್ವಾ ನೀನು?"

ಅಮ್ಮ ಬಣ್ಣದ ಬಟ್ಟಲು ಕೆಳಗಿಟ್ಟಳು.

"ನೀನೇ ತಳ್ಳಿದ್ಯಾ?"

"ಹಾಗೇ ಅಂದ್ಕೋ."

ಅವನಿಗೆ ಅವಳ ಕೈತುತ್ತು ತಿಂದು ಬೆಳೆದ ತನ್ನ ಮೈಯೇ ಅಸಹ್ಯವೆನಿಸಿತು.

"ಚಿಕ್ಕಪ್ಪನ ಹತ್ರ ಹೋಗ್ತೀನಿ. ಇನ್ನು ಸಾಯೋವರೆಗೂ ನಿನ್ನ ಮುಖ ನೋಡಲ್ಲ."

"ಹೋಗು. ಚೆನ್ನಾಗಿರು." ಅಮ್ಮನ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ಆದರೂ ಅವನನ್ನು ತಡೆಯಲಿಲ್ಲ.

ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಜ್ವರದಲ್ಲಿ ಬೇಯ್ತಿದ್ದ ಮಗೂನ ಒಂಟಿಯಾಗಿ ಬಿಟ್ಟು ಹೋದ್ಯಲ್ಲಮ್ಮ! ನೀನೂ ಒಬ್ಬ ತಾಯಿನಾ?"

"ಅಯ್ಯೋ, ಜ್ವರ ಎಲ್ಲಿತ್ತೋ! ನಿನ್ನ ಬಿಟ್ಟು ನಾನು ಯಾವತ್ತಾದ್ರೂ ಹೋಗಿದ್ದೀನಾ?"

ಅಂದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಂದ್ರೆ... ನಾನೂ ಅಲ್ಲಿದ್ನಾ?"

ಅಮ್ಮ ಹತ್ತಿರ ಬಂದು ಅವನ ಕೈಯಲ್ಲಿದ್ದ ಹಾಳೆ ತೆಗೆದುಕೊಂಡಳು. ಅವನು ಬಾಗಿಲು ಬಿಟ್ಟು ಕದಲಲಿಲ್ಲ.

"ಕೆಳಗೇನಿದೆ ಅಂತ ನಿಮ್ಮಪ್ಪ ಬಗ್ಗಿ ನೋಡ್ತಿದ್ರು. ನೀನು ಹಿಂದಿನಿಂದ ಓಡಿ ಬಂದು, ನಗ್ತಾ ನಗ್ತಾ, ಆಟಕ್ಕೆ ಅಂತ ತಳ್ಳಿದೆ ಕಂದಾ."