ಲೆಕ್ಕ ಗೊತ್ತಿದ್ದ ಮನೆ

ದಿವಾಳಿ ಕೋರ್ಟಿನ ನ್ಯಾಯಾಧೀಶರಾಗಿ ನಿವೃತ್ತರಾದ ಅವರಿಗೆ, ಮಗಳನ್ನು ಕೇಳಿಕೊಂಡು ಬಂದವರೆಲ್ಲ ಏನನ್ನೋ ಮುಚ್ಚಿಟ್ಟವರಂತೆಯೇ ಕಾಣುತ್ತಿದ್ದರು. ಬಂದ ಸಂಬಂಧಗಳನ್ನೆಲ್ಲ ತಿರುಗಿ ಕಳಿಸಿ, ಮಗಳ ವಯಸ್ಸು ಮೀರುವ ಹೊತ್ತಿಗೆ, ಹಿಂದೆ ತಾವೇ ದಿವಾಳಿಯೆಂದು ತೀರ್ಪು ಕೊಟ್ಟಿದ್ದ ಜವಳಿ ವ್ಯಾಪಾರಿಯ ಮಗನನ್ನು ಒಪ್ಪಿಕೊಂಡರು.

ನಿಶ್ಚಿತಾರ್ಥದ ದಿನ ವ್ಯಾಪಾರಿ ಕೇಳಿಯೇಬಿಟ್ಟ. "ಊರೆಲ್ಲ ಬಿಟ್ಟು ನಮ್ಮ ಮನೆಯೇ ಬೇಕಾಯ್ತಾ ಸ್ವಾಮಿ?"

"ನಿಮ್ಮ ಮನೆಯ ಮೂಲೆಮೂಲೆಯನ್ನೂ ನಮ್ಮ ಕೋರ್ಟಿನವರು ಶೋಧಿಸಿದ್ದಾರಲ್ಲ. ಮುಚ್ಚುಮರೆಯಿಲ್ಲದ ಮನೆ ಅಂತ ನಾನು ಕಂಡದ್ದು ಅದೊಂದೇ."

ತಾಂಬೂಲ ಬದಲಾಯಿತು. ಕಣ್ಣು ತುಂಬಿಕೊಂಡ ವ್ಯಾಪಾರಿಯ ಹೆಂಡತಿ ಕಾಸಿನ ಸರವೊಂದನ್ನು ತೆಗೆದು ಹುಡುಗಿಯ ಕೊರಳಿಗೆ ಹಾಕಿದಳು.

"ಸೊಸೆಗೆಂದೇ ಉಳಿಸಿಕೊಂಡದ್ದು, ಬೀಗರೇ. ನಿಮ್ಮ ಅಮೀನರು ಜಪ್ತಿಗೆ ಬಂದ ದಿನ ರಾಗಿಹಿಟ್ಟಿನ ಡಬ್ಬದಲ್ಲಿತ್ತು."