ಅರ್ಧ ಇಂಚು

ಗೋಡೆಯ ಅಳತೆಪಟ್ಟಿಗೆ ಬೆನ್ನು ಹಚ್ಚಿ ನಿಂತ ಲಮಾಂಟ್ ಎಂದಿನಂತೆ ಮೊಣಕಾಲನ್ನು ಕಂಡೂ ಕಾಣದಷ್ಟು ಮಡಿಸಿ, ಕತ್ತನ್ನು ಹೆಗಲೊಳಗೆ ಎಳೆದುಕೊಂಡ. ಮನಿಲಾದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಲು ಬರುವ ಹೊರದೇಶದವನು ಆರಡಿ ಐದಿಂಚು ಮೀರುವಂತಿಲ್ಲ. ಮೀರಿದರೆ ಮರಳಿ ಅಮೆರಿಕದ ವಿಮಾನ. ಲಮಾಂಟ್ ಅರ್ಧ ಇಂಚು ಹೆಚ್ಚಿದ್ದ. ಹದಿಮೂರು ವರ್ಷದಿಂದ ಹೀಗೆ ಕುಗ್ಗಿಯೇ ಪಾಸಾಗುತ್ತ ಬಂದಿದ್ದ.

"ನಾಟಕ ಸಾಕು ಮಾರಾಯ, ನೆಟ್ಟಗೆ ನಿಲ್ಲು," ಎಂದರು ಅಳೆಯುವ ಮುದುಕ ಮಾಂಗ್ ಫ್ರೋಯ್ಲಾನ್. ಅವನ ಮೊಣಕಾಲುಗಳನ್ನು ಅಂಗೈಯಿಂದ ಒತ್ತಿದರು, ಗದ್ದ ಎತ್ತಿದರು. ತಂಡದ ಮ್ಯಾನೇಜರ್ ನೆನೆತ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಬೇರೆ ದಾರಿಯಿಲ್ಲದೆ ಲಮಾಂಟ್ ಪೂರ್ತಿ ನೆಟ್ಟಗಾದ. ಮರದ ಪಟ್ಟಿ ತಲೆಗೆ ತಾಗಿತು.

"ಆರಡಿ ಐದು. ಒಂದು ಕೂದಲೂ ಹೆಚ್ಚಿಲ್ಲ!"

"ಅಣ್ಣಾ, ಈ ಸಲ ಏನು ಮಾಯ ಮಾಡ್ದೆ?" ನೆನೆತ್ ಲಮಾಂಟ್‌ನತ್ತ ನೋಡಿ ಕುಣಿದಳು.

"ಮಾಯ ಏನಿಲ್ಲಮ್ಮ," ಎಂದರು ಮುದುಕ, ಬರೆದುಕೊಳ್ಳುತ್ತ. "ಬೆನ್ನು ಕುಸಿಯೋಕೆ ಶುರುವಾಗಿದೆ. ನನಗೂ ಹೀಗೇ ಶುರುವಾಗಿದ್ದು."

ಲಮಾಂಟ್ ಪಟ್ಟಿಯ ಕೆಳಗಿಂದ ಕದಲಲಿಲ್ಲ.

"ಇನ್ನೊಂದ್ಸಲ ಅಳೀರಿ," ಎಂದ. ಮುದುಕ ಪಟ್ಟಿ ಇಳಿಸುವಷ್ಟರಲ್ಲಿ, ಯಾರಿಗೂ ಕಾಣದಂತೆ ಹಿಮ್ಮಡಿಗಳನ್ನು ಚೂರೇ ಚೂರು ಎತ್ತಿದ.